ಆಯಿ ತೇಯೋ ಬಜಿ: 52 ದಿನದ ಕೂಸಿಗೆ ಹಾಕಬೇಕೋ ಬ್ಯಾಡೋ?

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾನು ಚೊಚ್ಚಲ ಬಾಣಂತಿ, ಮುಧೋಳ ತಾಲೂಕಿನ್ಯಾಗ ತವರಮನಿಯೊಳಗ ಅದೀನಿ. ಗಂಡು ಕೂಸು, ಇವತ್ತಿಗೆ 52 ದಿನ. ನಮ್ಮ ಆಯಿ (ಅಜ್ಜಿ) ರವಿವಾರ ಬುಧವಾರ ಕೂಸಿಗೆ ಎರದ ಮ್ಯಾಲ ಸಾಣಿಕಲ್ಲಿನಾಗ ಬಜಿ, ಜಾಜಿಕಾಯಿ, ಅಳಲೆಕಾಯಿ, ಒಣಶುಂಠಿ ಎಲ್ಲಾ ನನ್ನ ಎದಿಹಾಲು ಹಾಕಿ ತೇಯ್ದು ಒಳಲಿಲೆ ಕುಡಿಸ್ತಾಳ. ಹೋದ ಎರಡು ವಾರದಿಂದ ಈ ತೇಯ್ದ ಗುಟ್ಟಿ ಹಾಕಿದ ದಿನ ಕೂಸು ಎರಡು ಮೂರು ಸರ್ತಿ ವಾಂತಿ ಮಾಡ್ತೈತಿ, ಆಮ್ಯಾಲ ನಾಕೈದು ತಾಸು ಎಬ್ಬಿಸಿದ್ರೂ ಏಳಂಗಿಲ್ಲ, ಹಾಲಿಗೂ ಬಾಯಿ ತೆರಿಯಂಗಿಲ್ಲ. ಕಫಾ ಬೀಳಾಕತ್ತೈತಿ ಒಳ್ಳೇದು ಅಂತಾಳ ಆಯಿ. ಮಕ್ಕಳ ಡಾಕ್ಟರು ಹಾಲು ಬಿಟ್ಟು ಏನೂ ಹಾಕಬ್ಯಾಡ್ರಿ ಅಂತ ಒಂದ ಮಾತಿನಾಗ ಹೇಳಿ ಕಳಿಸಿದ್ರು. ವಾಟ್ಸಾಪಿನಾಗ ಒಂದು ವಿಡಿಯೋ ಬಂದೈತಿ, ಬಜಿ ಅಮೆರಿಕಾದಾಗ ಬ್ಯಾನ್ ಆಗೇತಿ, ಕ್ಯಾನ್ಸರ್ ಬರ್ತೈತಿ ಅಂತ. ಇನ್ನೊಂದು ವಿಡಿಯೋದಾಗ ಆಯುರ್ವೇದಕ್ಕ ಸೈಡ್ ಎಫೆಕ್ಟೇ ಇಲ್ಲ, ಬಜಿ ಹಾಕದಿದ್ರ ಮಾತು ತಡಾ ಆಗ್ತಾವು ಅಂತ. ನಮ್ಮವ್ವಗೂ ನನಗೂ ಇದನ್ನ ಹಾಕಿ ಬೆಳಿಸ್ಯಾಳ ಆಯಿ, ಬಿಡಸಾಕ ಹೋದ್ರ ಮನಿಯೊಳಗ ಜಗಳ. ಏನು ಮಾಡ್ಲಿ?

ಉತ್ತರ:

ತಂಗಿ, ಉಳಿದಿದ್ದು ಆಮ್ಯಾಲ ಓದುವಂತ್ರಿ, ಮೊದಲ ಇಷ್ಟು ಮಾಡ್ರಿ. ಗುಟ್ಟಿ ಇವತ್ತಿಂದ ಬಂದ್. ನಾಳೆ ಮುಂಜಾನೆ ಕೂಸನ್ನ ಮಕ್ಕಳ ಡಾಕ್ಟರ್ ಕಡೆ ಕರ್ಕೊಂಡು ಹೋಗಿ ತೂಕ ಮಾಡಸ್ರಿ, ಅವರ ಮುಂದ ಬಜಿ, ಜಾಜಿಕಾಯಿ ಅಂತ ಹೆಸರು ಹಿಡದ ಹೇಳ್ರಿ, ಬೇಕಾದ್ರ ಆ ಗುಟ್ಟಿ ಡಬ್ಬಿನೂ ಚೀಲದಾಗ ಹಾಕ್ಕೊಂಡು ಹೋಗ್ರಿ. ಬೈತಾರ ಅಂತ ಮುಚ್ಚಿಡಬ್ಯಾಡ್ರಿ, ಮುಚ್ಚಿಟ್ರ ಅವರು ಬ್ಯಾರೆ ಏನೋ ಹುಡುಕ್ಕೋತ ಕುಂದರ್ತಾರ. ಈಗ ಇದನ್ನ ಓದೋ ಹೊತ್ತಿನ್ಯಾಗ ಕೂಸು ಎಬ್ಬಿಸಿದ್ರೂ ಏಳವಲ್ದು, ಮೈ ಜೋತು ಬಿದ್ದೈತಿ, ಉಸುರು ಜೋರ ಎಳ್ಯಾಕತ್ತೈತಿ, ಇಲ್ಲಾ ಹಸರು ಬಣ್ಣದ ವಾಂತಿ ಆಗೇತಿ, ಫಿಟ್ಸ್ ಬಂದಂಗ ಕೈಕಾಲು ಸೆಟದಾವು ಅಂದ್ರ ನಾಳೆ ತನಕಾ ಕಾಯೋದಲ್ಲ, ಈಗಿಂದೀಗ 108ಕ್ಕ ಫೋನ್ ಹಚ್ರಿ. ಉಪ್ಪುನೀರು ಕುಡಿಸೋದು, ಬಾಯಾಗ ಬಟ್ಟು ಹಾಕಿ ವಾಂತಿ ಮಾಡಸೋದು ಏನೂ ಬ್ಯಾಡ.

ನಾನು ಆಯುರ್ವೇದದಾಕಿನ. ಬಿಎಎಂಎಸ್ ಮುಗಿಸಿ ಕೌಮಾರಭೃತ್ಯದಾಗ, ಅಂದ್ರ ಮಕ್ಕಳ ಆಯುರ್ವೇದದಾಗ, ಎಂಡಿ ಮಾಡಿ ಬಾಗಲಕೋಟ್ಯಾಗ ಪ್ರ್ಯಾಕ್ಟೀಸ್ ಹಚ್ಚಿ ಇಪ್ಪತ್ತು ವರ್ಷದ ಮ್ಯಾಲಾತು. ಬಜಿ ನನ್ನ ಕಪಾಟಿನಾಗ ಇವತ್ತೂ ಐತಿ, ದೊಡ್ಡವರಿಗೆ ಬರದು ಕೊಡ್ತೀನಿ. ಹಂಗಾಗಿ ನಿಮ್ಮ ಆಯಿನ್ನ ಬೈಯಾಕ ಕುಂತಾಕಿ ಅಲ್ಲ ನಾ. ಆದ್ರ ನಿಮ್ಮ ಪತ್ರದಾಗ ಎರಡು ಸಾಲು ಓದಿ ನನಗ ಸಮಾಧಾನ ಆಗ್ಲಿಲ್ಲ, ಗುಟ್ಟಿ ಹಾಕಿದ ದಿನಾನ ವಾಂತಿ, ಆಮ್ಯಾಲ ಹಾಲಿಗೂ ಏಳದಂಥಾ ನಿದ್ದಿ. ಕಫಾ ಬೀಳೋ ಲಕ್ಷಣ ಇದಲ್ರಿ. ಬಜಿಗೆ ಇರೋ ಎರಡು ಮುಖ್ಯ ಗುಣಾನ ಇವು, ಹೆಚ್ಚಾದ್ರ ವಾಂತಿ ಮಾಡಸೋದು, ಮಂಪರು ತರೋದು. ಔಷಧಿ ತನ್ನ ಕೆಲಸಾ ತಾ ಮಾಡೇತಿ, ಕೂಸಿನ ಮೈಗೆ ಅದು ಹೆಚ್ಚಾಗೇತಿ, ಅಷ್ಟ.

ಬಜಿ ಅಂದ್ರ (ಮಿರ್ಚಿ ಭಜಿ ಅಲ್ರಿ, ಹುಡುಗ್ರು ಓದಿದ್ರ ನಗ್ತಾರ) ಕೆಸರಿನಾಗ ಬೆಳಿಯೋ ಒಂದು ಗಿಡದ ಬೇರಿನಂಥಾ ಗಡ್ಡಿ. ಸಂಸ್ಕೃತದಾಗ ವಚಾ, ಬೆಳಗಾವಿ ಕಡೆ ಮರಾಠಿ ಮಾತಾಡೋರು ವೇಖಂಡ ಅಂತಾರ, ಪುಸ್ತಕದಾಗ ಅಕೋರಸ್ ಕ್ಯಾಲಮಸ್. ನಮ್ಮ ಬರಡು ಸೀಮ್ಯಾಗ ಇದು ಬೆಳಿಯಂಗಿಲ್ಲ, ತುಮಕೂರು ಜಿಲ್ಲಾದ ಕೊರಟಗೆರೆ ಕಡೆ ಭತ್ತದ ಗದ್ದಿಯಂಗ ನೀರು ನಿಲ್ಲಿಸಿ ಬೆಳಿತಾರ. ನಮ್ಮಲ್ಲಿಗೆ ಒಣಗಿಸಿದ್ದು ಬರ್ತೈತಿ, ಕಿರಾಣಿ ಅಂಗಡ್ಯಾಗ ಬಾಣಂತಿ ಸಾಮಾನು ಅಂದ್ರ ಅವ ಅಳ್ವಿ, ಅಂಟು, ಖಾರೀಕ ಕಟ್ಟೋ ಜೋಡಿ ಒಂದು ಬಜಿ ತುಂಡನ್ನೂ ಪೇಪರಿನಾಗ ಸುತ್ತಿ ಒಗೀತಾನ. ಮೂಸಿ ನೋಡಿದ್ರ ಘಾಟು ವಾಸನಿ, ಅದು ಒಳಗಿನ ಎಣ್ಣಿದು. ನಮ್ಮಜ್ಜಿ ಅದೇ ತುಂಡು ಜ್ವಾಳದ ಡಬ್ಬ್ಯಾಗೂ ಹಾಕ್ತಿದ್ಲು, ಟ್ರಂಕಿನಾಗ ಇಳಕಲ್ ಸೀರಿ ನಡುವೂ ಇಡ್ತಿದ್ಲು, ನುಸಿ ಹುಳಾ ಹತ್ತಬಾರದು ಅಂತ. ಹುಳಾ ಯಾಕ ಹತ್ತಂಗಿಲ್ಲ ಅಂದ್ರ ಆ ಎಣ್ಣ್ಯಾಗ ಬೀಟಾ ಆಸರೋನ್ ಅನ್ನೋದೊಂದು ಐತಿ, ಅದು ಹುಳದ ತತ್ತಿ ಮರೀನೂ ಆಗಗೊಡಂಗಿಲ್ಲ. ನಿಮ್ಮ ಕೂಸಿನ ಒಳಲಿಯೊಳಗ ಹೋಗೋದೂ ಅದ ಎಣ್ಣಿ. ಇದೊಂದು ಮಾತು ತಲ್ಯಾಗ ಇಟ್ಕೊಂಡು ಮುಂದ ಓದ್ರಿ.

ಅಮೆರಿಕಾದ ಬ್ಯಾನಿನ ಸುದ್ದಿ ಸುಳ್ಳಲ್ಲ, ಆದ್ರ ವಿಡಿಯೋದಂವ ಅರ್ಧಾನ ಹೇಳ್ಯಾನ. 1968ರಾಗ ಅಲ್ಲಿಯ ಆಹಾರ ಔಷಧಿ ನೋಡ್ಕೊಳ್ಳೋ ಸರಕಾರಿ ಸಂಸ್ಥೆ ಎಫ್‌ಡಿಎ ಬಜಿಯನ್ನ, ಬಜಿ ಎಣ್ಣಿಯನ್ನ ಆಹಾರದಾಗ ಸೇರಸಬಾರದು ಅಂತ ಮಾಡ್ತು. ಯಾಕಂದ್ರ ಇಲಿಗಳಿಗೆ ಎರಡು ವರ್ಷ ತನಕಾ ಆಹಾರದಾಗ ಬಜಿ ಎಣ್ಣಿ ಕೂಡಿಸಿ ತಿನಿಸಿದಾಗ ಕರುಳಿನಾಗ ಕ್ಯಾನ್ಸರಿನ ಗಡ್ಡಿ ಕಂಡಿದ್ವು, ಆ ಎಣ್ಣಿ ನಮ್ಮ ದೇಶದ್ದ, ಜಮ್ಮು ಕಡೆದು. ಆದ್ರ ಅಲ್ಲಿ ಕೊಟ್ಟಿದ್ದು ಬರೇ ಎಣ್ಣಿ, ದಿನಾ, ಇಲಿಯ ಇಡೀ ಆಯುಷ್ಯ. ಆಯಿ ಹಾಕಿದ್ದು ವಾರಕ್ಕೆರಡು ಸರ್ತಿ ತೇಯ್ದ ಗಂಧ. ಇದೂ ಅದೂ ಒಂದ ಅಂತ ಹೇಳಿ ನಿಮಗ ರಾತ್ರಿ ನಿದ್ದಿ ಬರದಂಗ ಮಾಡೋದು ತಪ್ಪು. ಇಲ್ಲಿತನಕಾ ಹೋಗಿರೋ ಗುಟ್ಟಿಯಿಂದ ಕೂಸಿಗೆ ಕ್ಯಾನ್ಸರ್ ಬರ್ತೈತಿ ಅಂತ ಯಾರೂ ಹೇಳಾಕಾಗಂಗಿಲ್ಲ, ಆ ಚಿಂತಿ ಬಿಡ್ರಿ. ಹಂಗಂತ ಅದನ್ನ ಪೂರ್ತಿ ತಳ್ಳಿ ಹಾಕೋ ಹಂಗೂ ಇಲ್ಲ. ಅಮೆರಿಕಾದ ಸ್ವಂತ ಜಾತಿಯ ಬಜಿಯೊಳಗ ಬೀಟಾ ಆಸರೋನ್ ಇರಂಗಿಲ್ಲ, ಯುರೋಪಿನದ್ರಾಗ ಸ್ವಲ್ಪ, ನಮ್ಮ ಏಷ್ಯಾ ಕಡೆ ಬಜಿ ಐತಲ್ಲ ಅದ್ರ ಎಣ್ಣ್ಯಾಗ ಮುಕ್ಕಾಲು ಪಾಲಿಗಿಂತ ಹೆಚ್ಚ ಅದ ಇರಬಹುದು. ಅಂದ್ರ ಜಗತ್ತಿನ ಬಜಿಯೊಳಗ ಜೋರಿಂದು ನಮ್ಮ ಕಿರಾಣಿ ಅಂಗಡ್ಯಾಗ ಬರೋದ.

ನನಗ ನಿಮ್ಮ ಕೂಸಿನ ವಿಷಯದಾಗ ಕ್ಯಾನ್ಸರಿನ ಅಂಜಿಕಿ ಅಲ್ಲ, ಅಂಜಿಕಿ ಇರೋದು ಇವತ್ತಿನ ವಾಂತಿ, ಇವತ್ತಿನ ಮಂಪರದ್ದು.

ಲೆಕ್ಕಾ ಹೇಳ್ತೀನಿ ನೋಡ್ರಿ. ನಮ್ಮ ಆಯುರ್ವೇದದ ಸರಕಾರಿ ಗ್ರಂಥ ಅಂದ್ರ ಆಯುರ್ವೇದಿಕ್ ಫಾರ್ಮಾಕೋಪಿಯಾ. ಅದ್ರಾಗ ಬಜಿ ಪುಡಿಯ ಪ್ರಮಾಣ 60ರಿಂದ 120 ಮಿಲಿಗ್ರಾಂ. ಗ್ರಾಂ ಅಲ್ರಿ, ಮಿಲಿಗ್ರಾಂ, ಅದೂ ಬೆಳೆದ ಮನಷ್ಯಾಗ. ಅದರ ಮಗ್ಗಲ್ದಾಗ ಬರದಾರ, ವಾಂತಿ ಮಾಡಸಬೇಕಂದ್ರ 1ರಿಂದ 2 ಗ್ರಾಂ. ಅಂದ್ರ ಗಟ್ಟಿಮುಟ್ಟು ರೈತಗ ವಮನ ಮಾಡಸಾಕ ಎರಡು ಗ್ರಾಂ ಸಾಕಂತ. ಅರವತ್ತು ಕೆಜಿ ಮನಷ್ಯಾಗ ಇಷ್ಟಂದ್ರ ಐದು ಕೆಜಿಯೂ ಇರದ ಕೂಸಿಗೆ ಎಷ್ಟು? ಬರೇ ತೂಕದ ಲೆಕ್ಕದಾಗ ಭಾಗಿಸಿದ್ರೂ ಐದರಿಂದ ಹತ್ತು ಮಿಲಿಗ್ರಾಂ ಬರ್ತೈತಿ, ಅಕ್ಕಿಕಾಳಿನ ಅರ್ಧಾನೂ ಅಲ್ಲ. ಆದ್ರ ಹಂಗ ಭಾಗಿಸೋದೂ ತಪ್ಪ, ಯಾಕಂದ್ರ ಎರಡು ತಿಂಗಳ ಕೂಸಿನ ಲಿವರ್ರು ಇನ್ನೂ ಕೆಲಸಾ ಕಲ್ಯಾಕತ್ತಿರತೈತಿ, ದೊಡ್ಡವರ ಮೈಯಾಗ ಲಗೂನ ಕರಗಿ ಹೋಗೋ ಔಷಧಿ ಕೂಸಿನ ಮೈಯಾಗ ಭಾಳ ಹೊತ್ತು ಉಳೀತೈತಿ. ಅದ್ರ ಮ್ಯಾಲ ಜಾಜಿಕಾಯಿ, ಅದೂ ಮಂಪರು ತರೋದ. ಎರಡೂ ಕೂಡಿಸಿ ಹಾಕಿ ಕೂಸು ನಾಕೈದು ತಾಸು ಬಿದ್ದಕೊಂಡ್ರ ಗುಟ್ಟಿ ಭಾರಿ ಹತ್ತೇತಿ ಅಂತ ಮನಿಮಂದಿ ಖುಷಿ ಪಡ್ತಾರ. ನಿಮ್ಮ ಕೂಸಿಗೆ ಈಗ ಎರಡು ಮೂರು ತಾಸಿಗೊಮ್ಮೆ ಹಾಲು ಹೋಗಬೇಕು, ಅಂದ್ರ ಆ ನಿದ್ದಿ ಎರಡು ಹೊತ್ತಿನ ಹಾಲು ತಿಂತು ಅಂತ ಅರ್ಥ.

ತೇಯೋ ಪ್ರಮಾಣದ್ದೊಂದು ಹೇಳಬೇಕು. ಒಮ್ಮೆ ನನ್ನ ದವಾಖಾನಿಗೆ ಒಂದ ದಿನ ಇಬ್ರು ಅಜ್ಜ್ಯಾರು ಬಂದಿದ್ರು, ಒಬ್ಬಾಕಿ ಬೀಳಗಿ ಕಡೆಯಾಕಿ, ಇನ್ನೊಬ್ಬಾಕಿ ಕೋಲಾರ ಕಡೆ, ನಮ್ಮ ವಿಜಯಪುರ ಜಿಲ್ಲಾದ ಕೋಲಾರ. ಇಬ್ರೂ ಮೊಮ್ಮಕ್ಕಳಿಗೆ ಐದೈದು ಸುತ್ತು ಬಜಿ ತೇಯ್ತೀವಿ ಅಂದ್ರು. ನಾ ಸಾಣಿಕಲ್ಲು ಕೊಟ್ಟು, ಒಂದ ಬಜಿ ತುಂಡು ಕೊಟ್ಟು, ತೇಯ್ರಿ ನೋಡೂಣು ಅಂದೆ. ಒಬ್ಬಾಕಿ ಬಟ್ಟಿಲೆ ಸವರಿದಂಗ ತೇಯ್ದ್ಲು, ನೀರಿಗೆ ಬರೇ ಬಣ್ಣ ಬಂತು. ಇನ್ನೊಬ್ಬಾಕಿ ಗಂಧಾ ತೇಯ್ದಂಗ ಒತ್ತಿ ಒತ್ತಿ ತೇಯ್ದ್ಲು, ಕಲ್ಲಿನ ಮ್ಯಾಲ ದಪ್ಪನೆ ಕೆನಿ ಕಟ್ತು. ಐದ ಸುತ್ತು ಇಬ್ರದೂ! ಇನ್ನ ಕಲ್ಲು ಹೊಸದೋ ಸವದದ್ದೋ, ಬಜಿ ಈ ವರ್ಷದ್ದೋ ಹೋದ ವರ್ಷದ್ದೋ, ಅದೂ ಬ್ಯಾರೆ. ಹಳೇ ಮಂದಿಗೆ ಇದು ಗೊತ್ತಿತ್ತು, ನಮ್ಮಜ್ಜಿ ಬಜಿ ಒಂದ ಸುತ್ತು, ಜಾಜಿಕಾಯಿ ಅರ್ಧ, ಅದಕ್ಕ ಮೀರಿ ಹಾಕಿದ್ರ ಕೂಸು ಕಣ್ಣು ಬಿಡಂಗಿಲ್ಲ ಅಂತ ಅಂಜಿ ಅಂಜಿ ತೇಯ್ತಿದ್ಲು. ನಿಮ್ಮ ಆಯಿಗೂ ಕೇಳಿ ನೋಡ್ರಿ, ಎಷ್ಟು ಸುತ್ತು ಅಂತ. ಎರಡು ವಾರದಿಂದ ವಾಂತಿ ಶುರು ಆಗೇತಿ ಅಂದ್ರ ನನ್ನ ಅಂದಾಜಿಗೆ ಹೊಸಾ ತುಂಡು ತಂದಿರಬೇಕು, ಇಲ್ಲಾ ಕೂಸು ದೊಡ್ಡದಾತು ಅಂತ ಸುತ್ತು ಹೆಚ್ಚ ಮಾಡಿರಬೇಕು. ಇನ್ನೊಂದು ರೂಢಿ ಇತ್ತು, ಬಜಿಯನ್ನ ಔಡಲೆಣ್ಣಿ ದೀಪಕ್ಕ ಹಿಡದು ಸುಟ್ಟು ಆಮ್ಯಾಲ ತೇಯೋದು. ಸುಟ್ರ ಆ ಹಾರೋ ಎಣ್ಣಿ ಬಹಳಷ್ಟು ಹೋಗ್ತೈತಿ. ಗ್ರಂಥದಾಗೂ ಬಜಿಗೆ ಶೋಧನ, ಅಂದ್ರ ಶುದ್ಧಿ ಮಾಡೋದು, ಹೇಳ್ಯಾರ, ಗೋಮೂತ್ರದಾಗ, ಕಷಾಯದಾಗ ಕುದಿಸಿದ ಮ್ಯಾಲನ ಬಳಸಬೇಕು ಅಂತ. ಕಿರಾಣಿ ಅಂಗಡಿ ತುಂಡಿಗೆ ಯಾರು ಶೋಧನ ಮಾಡ್ಯಾರ?

ಹಂಗಾದ್ರ ಶಾಸ್ತ್ರದಾಗ ಕೂಸಿಗೆ ಬಜಿ ಇಲ್ಲೇನ್ರಿ ಅಂತ ಕೇಳಬಹುದು. ಐತಿ. ಸುಶ್ರುತ ಸಂಹಿತೆಯ ಶಾರೀರಸ್ಥಾನದಾಗ ಕೂಸುಗಳಿಗೆ ನೆಕ್ಕಿಸೋ ಲೇಹ್ಯದಾಗ ಬಂಗಾರ, ಜೇನು, ತುಪ್ಪದ ಜೋಡಿ ವಚಾ ಐತಿ. ಇದನ್ನ ಮುಚ್ಚಿಟ್ಟು ಮಾತಾಡೋದು ನನಗ ಸರಿ ಅನಸಂಗಿಲ್ಲ. ಆದ್ರ ಕಾಶ್ಯಪ ಸಂಹಿತೆ, ಮಕ್ಕಳ ಆಯುರ್ವೇದಕ್ಕ ನಾವು ಮೂಲ ಅಂತ ಓದೋ ಗ್ರಂಥ, ಅದರ ಲೇಹಾಧ್ಯಾಯದಾಗ ಯಾರಿಗೆ ನೆಕ್ಕಿಸಬೇಕು ಅನ್ನೋ ಜೋಡಿ ಯಾರಿಗೆ ನೆಕ್ಕಿಸಬಾರದು ಅಂತಾನೂ ದೊಡ್ಡ ಪಟ್ಟಿ ಐತಿ. ಜ್ವರ ಇದ್ದ ಕೂಸು, ಭೇದಿ ಇದ್ದದ್ದು, ವಾಂತಿ ಮಾಡೋದು, ಯಾವಾಗ್ಲೂ ನಿದ್ದಿಗಣ್ಣಿನಾಗ ಇರೋದು, ಇವಕ್ಕೆಲ್ಲಾ ಬ್ಯಾಡ ಅಂತಾನ ಕಾಶ್ಯಪ. ನಿಮ್ಮ ಕೂಸಿಗೆ ಅದ್ರಾಗ ಎರಡು ಅದಾವು. ಅಂದ್ರ ಇವತ್ತಿನ ಮಕ್ಕಳ ಡಾಕ್ಟರನ್ನ ಬಿಡ್ರಿ, ಕಾಶ್ಯಪನ ಕಡೆ ಕರ್ಕೊಂಡು ಹೋದ್ರೂ ಅಂವ ಗುಟ್ಟಿ ನಿಲ್ಲಸ್ರಿ ಅಂತಿದ್ದ. ಆಯುರ್ವೇದಕ್ಕ ಸೈಡ್ ಎಫೆಕ್ಟ್ ಇಲ್ಲ ಅನ್ನೋ ಮಾತು ಆಯುರ್ವೇದ ಓದದವರು ಹುಟ್ಟಿಸಿದ್ದು, ಸೈಡ್ ಎಫೆಕ್ಟ್ ಇರದಿದ್ರ ಶೋಧನ ಯಾಕ, ಮಾತ್ರಾ (ಪ್ರಮಾಣ) ಯಾಕ, ಪಥ್ಯ ಯಾಕ, ನಾವು ಐದೂವರಿ ವರ್ಷ ಓದೋದಾದ್ರೂ ಯಾಕ.

ಮಾತಿನ ವಿಷಯಕ್ಕ ಬರೂಣು. ವಾಕ್ ಅಂದ್ರ ಮಾತು, ವಚಾ ಅಂದ್ರ ಬಜಿ, ಹೆಸರಿನಾಗ ಮಾತಿರೋದಕ್ಕ ಈ ನಂಬಿಕಿ ಭಾಳ ಗಟ್ಟಿ ಆಗೇತಿ. ದೊಡ್ಡವರಿಗೆ ಕೊಡೋ ಸಾರಸ್ವತ ಚೂರ್ಣದಾಗ ಬಜಿ ಐತಿ, ಬುದ್ಧಿ, ನೆನಪು, ಮಾತಿಗೆ ಅಂತ ಗ್ರಂಥ ಹೇಳ್ತೈತಿ. ಆದ್ರ ಹುಟ್ಟಿದ ಕೂಸಿಗೆ ಬಜಿ ಹಾಕಿದ್ರ ಮಾತು ಬೇಗ ಬರ್ತಾವು, ಹಾಕದಿದ್ರ ತಡಾ ಆಗ್ತಾವು ಅನ್ನಾಕ ಯಾವ ಆಧಾರಾನೂ ಇಲ್ಲ. ಬಜಿ ಕಾಣದ ದೇಶದ ಮಕ್ಕಳೂ ವರ್ಷಕ್ಕ ಅಮ್ಮಾ ಅಪ್ಪಾ ಅಂತಾವು. ಮಾತು ಬರಾಕ ಬೇಕಾದದ್ದು ಕಿವಿ, ಮತ್ತ ಎದುರಿಗೆ ಕುಂತು ಮಾತಾಡೋ ಮಂದಿ. ನನ್ನ ಕಡೆ ಒಂದು ಹುಡುಗನ್ನ ಎರಡೂವರಿ ವರ್ಷಕ್ಕ ಕರ್ಕೊಂಡು ಬಂದಿದ್ರು, ಒಂದು ವರ್ಷದಿಂದ ದಿನಾ ನಾಲಿಗಿಗೆ ಬಜಿ ಜೇನತುಪ್ಪ ತಿಕ್ಕಿದ್ರು, ಮಾತು ಬಂದಿದ್ದಿಲ್ಲ. ನಾ ಅವನ ಹಿಂದ ನಿಂತು ಸ್ಟೀಲ್ ತಾಟು ಬಡದೆ, ತಿರುಗಿ ನೋಡ್ಲಿಲ್ಲ. ಕಿವಿ ಪರೀಕ್ಷಾ ಮಾಡಸಿದ್ರ ಎರಡೂ ಕಿವಿ ಕೇಳ್ತಿದ್ದಿಲ್ಲ. ಆ ಒಂದು ವರ್ಷ ಹೋತಲ್ಲ, ಅದು ಬಜಿಯ ವಿಷಕ್ಕಿಂತ ದೊಡ್ಡ ನಷ್ಟ. ಹಂಗಾಗಿ ನಿಮಗ ಕೂಸಿನ ಮಾತಿನ ಚಿಂತಿ ಇದ್ರ ಹುಟ್ಟಿದ ದವಾಖಾನ್ಯಾಗ ಕಿವಿ ಸ್ಕ್ರೀನಿಂಗ್ ಮಾಡ್ಯಾರೋ ಇಲ್ಲೋ ಡಿಸ್ಚಾರ್ಜ್ ಚೀಟಿಯೊಳಗ ನೋಡ್ರಿ, ಇಲ್ಲಂದ್ರ ಓಎಇ ಅನ್ನೋ ಪರೀಕ್ಷಾ ಮಾಡಸ್ರಿ, ಕೂಸು ಮಲಗಿದ್ದಾಗ ಮಾಡ್ತಾರ, ನೋವಾಗಂಗಿಲ್ಲ. ವರ್ಷ ತುಂಬಿದ್ರೂ ಬಾ ಬಾ ದಾ ದಾ ಅನ್ನಲಿಲ್ಲ, ಒಂದೂವರಿ ವರ್ಷ ಆಗಾಕ ಬಂದ್ರೂ ಒಂದು ಶಬ್ದಾ ಇಲ್ಲ ಅಂದ್ರ ಆವಾಗ ತೋರಸ್ರಿ, ಬಜಿ ಹುಡುಕಬ್ಯಾಡ್ರಿ.

ಮತ್ತ ಗುಟ್ಟಿ ಹಾಕಿದ್ರ ಕೂಸು ಆರಾಮ ಇರತೈತಿ ಅಂತ ಇಷ್ಟು ಮಂದಿ ಯಾಕ ಅಂತಾರ? ಎಲ್ಲಾರೂ ಸುಳ್ಳ ಹೇಳ್ತಾರೇನು? ಇಲ್ರಿ. ಕೂಸುಗಳ ಅಳು ಹುಟ್ಟಿದ ಎರಡು ವಾರದಿಂದ ಏರ್ಕೋತ ಹೋಗಿ ಆರು ವಾರದ ಸುಮಾರು ತುದಿ ಮುಟ್ಟತೈತಿ, ಮೂರು ನಾಕು ತಿಂಗಳಿಗೆ ತಾನಾಗೇ ಇಳಿತೈತಿ. ಸಂಜಿ ಆತಂದ್ರ ಕಾಲು ಮಡಚಿ ಕೆಂಪಗಾಗಿ ಚೀರತಾವಲ್ಲ, ಅದ. ಅಳು ತುದಿಗೆ ಬಂದಾಗ ಗುಟ್ಟಿ ಶುರು ಮಾಡ್ತಾರ, ಇಳಿಯೋ ಹೊತ್ತಿಗೆ ಗುಟ್ಟಿಯಿಂದ ಇಳೀತು ಅಂತಾರ. ಸಂಡಾಸದ್ದೂ ಅದ ಕಥಿ, ಬರೇ ಎದಿಹಾಲು ಕುಡಿಯೋ ಕೂಸು ಒಂದೂವರಿ ತಿಂಗಳ ಆದ ಮ್ಯಾಲ ನಾಕೈದು ದಿನಕ್ಕೊಮ್ಮೆ ಹೋದ್ರೂ, ಹೊಟ್ಟಿ ಮೆತ್ತಗಿದ್ದು ಹಾಲು ಕುಡ್ಯಾಕತ್ತಿದ್ರ ಅದು ರೋಗಲ್ಲ. ಅಳಲೆಕಾಯಿ ತೇಯ್ದು ಹಾಕಿ ಹೋಗಸೋ ಜರೂರಿಲ್ಲ. ಇನ್ನ ಹಿಂದಿನ ಗುಟ್ಟಿ ಭಾಳ ಒಳ್ಳೇದಿತ್ತು ಅನ್ನೋರಿಗೂ ಒಂದು ಮಾತು, ನಮ್ಮ ಕಡೆ ಬಹಳಷ್ಟು ಭಾಗ ಮುಂಬೈ ಪ್ರಾಂತ್ಯದಾಗ ಇದ್ದ ಕಾಲಕ್ಕ ಆ ಪ್ರಾಂತ್ಯದಾಗ ಕೂಸುಗಳಿಗೆ ಅಫೀಮು ಕೂಡಿಸಿದ ಬಾಳಗೋಳಿ ಹಾಕೋ ರೂಢಿನೂ ಇತ್ತು, ಅವ್ವ ಹೊಲಕ್ಕ ಗಿರಣಿಗೆ ಕೆಲಸಕ್ಕ ಹೋದಾಗ ಕೂಸು ಮಲಗಿರಲಿ ಅಂತ. ಹಳೇದೆಲ್ಲಾ ಹಾಕಿದ್ದು ಕೂಸಿನ ಸಲುವಾಗೇ ಅಂತ ತಿಳಕೋಬ್ಯಾಡ್ರಿ.

ಆದ್ರ ಎಲ್ಲಾ ಗುಟ್ಟಿ ಮ್ಯಾಲ ಹಾಕಿ ಕೈ ತೊಳಕೊಳ್ಳಾಕೂ ನಾ ತಯಾರಿಲ್ಲ. ಚೊಚ್ಚಲ ಗಂಡು ಕೂಸು, ಏಳು ವಾರ, ವಾಂತಿ ಅಂದ ಕೂಡ್ಲೆ ನನ್ನ ತಲ್ಯಾಗ ಬ್ಯಾರೆ ಒಂದು ಬರ್ತೈತಿ. ಹೊಟ್ಟಿಯಿಂದ ಕರುಳಿಗೆ ಹೋಗೋ ಬಾಗಲಾ ದಪ್ಪಾಗಿ ಇಕ್ಕಟ್ಟಾಗೋ ಒಂದು ರೋಗ ಐತಿ, ಪೈಲೋರಿಕ್ ಸ್ಟೆನೋಸಿಸ್ ಅಂತಾರ, ಇದ ವಯಸ್ಸಿನಾಗ ಬರೋದು, ಗಂಡು ಕೂಸುಗಳಿಗೆ ಅದ್ರಾಗೂ ಚೊಚ್ಚಲಕ್ಕ ಹೆಚ್ಚು. ಅದ್ರಾಗ ಹಾಲು ಕುಡದ ಮ್ಯಾಲ ಪಿಚಕಾರಿ ಹೊಡದಂಗ ದೂರ ಹೋಗಿ ಬೀಳತೈತಿ ವಾಂತಿ, ಮತ್ತ ಕೂಸು ಕೂಡ್ಲೇ ಹಸದು ಹಾಲಿಗೆ ಹಾತೊರಿತೈತಿ, ತೂಕಾ ಏರಂಗಿಲ್ಲ. ನಿಮ್ಮದು ಗುಟ್ಟಿ ಹಾಕಿದ ದಿನ ಅಷ್ಟ ಆಗತೈತಿ ಅಂತ ಬರದೀರಿ, ಹಂಗಾಗಿ ಇದು ಇರಲಿಕ್ಕಿಲ್ಲ, ಆದ್ರ ಗುಟ್ಟಿ ನಿಲ್ಲಿಸಿದ ಮ್ಯಾಲೂ ವಾಂತಿ ನಿಲ್ಲದಿದ್ರ ಹೊಟ್ಟಿ ಸ್ಕ್ಯಾನಿಂಗ್ ಮಾಡಿದ್ರ ಗೊತ್ತಾಗತೈತಿ, ಸಣ್ಣ ಆಪರೇಶನ್ನಿಂದ ಪೂರ್ತಿ ಆರಾಮ ಆಗೋ ರೋಗ ಅದು. ಹಾಲು ಕುಡದ ಮ್ಯಾಲ ಬಾಯಿ ಮಗ್ಗಲ್ಲಿಂದ ಮೊಸರಿನಂಥಾದ್ದು ಸ್ವಲ್ಪ ಕಕ್ಕೋದು ಬ್ಯಾರೆ, ಅದು ಎಲ್ಲಾ ಕೂಸೂ ಮಾಡ್ತಾವು.

ಈಗ ನಿಮ್ಮ ಮುಂದ ಇರೋ ದಾರಿ. ಮೊದಲನೇದು, ಆರು ತಿಂಗಳ ತನಕಾ ಬರೇ ಎದಿಹಾಲು, ಗುಟ್ಟಿ ಇಲ್ಲ, ನೀರಿಲ್ಲ, ಜೇನಿಲ್ಲ. ನಾ ಇದನ್ನ ಹೇಳ್ತೀನಿ, ಇದ್ರಾಗ ಕೂಸಿಗೆ ಏನೂ ನಷ್ಟ ಇಲ್ಲ. ಒಮ್ಮೆಲೇ ಬಿಟ್ರ ತ್ರಾಸ ಆಗತೈತಿ ಅಂತ ಕೆಲವ್ರು ಅಂತಾರ, ವಾರಕ್ಕೆರಡು ಸರ್ತಿ ಹಾಕೋ ಬಜಿ ಬಿಟ್ರ ಏನೂ ಆಗಂಗಿಲ್ಲ, ಒಂದೆರಡು ದಿನ ಕೂಸು ಮೊದಲಿಗಿಂತ ಹೆಚ್ಚ ಎಚ್ಚರ ಇದ್ದು ಹೆಚ್ಚ ಅತ್ತಂಗ ಕಾಣಬಹುದು, ಅದು ಅದರ ಅಸಲಿ ಸ್ವಭಾವ. ಎರಡನೇದು, ಬಾಯಿಗೆ ಬ್ಯಾಡ ಮೈಗೆ ಹಚ್ತೀವಿ ಅನ್ನೋದು. ಸುಟ್ಟ ಬಜಿ ತೇಯ್ದು ಹೊಟ್ಟಿ ಉಬ್ಬರಕ್ಕ ಹೊಕ್ಕಳ ಸುತ್ತ ಹಚ್ಚೋ ರೂಢಿ ಐತಿ. ಹೊಕ್ಕಳ ಪೂರ್ತಿ ಒಣಗಿದ್ರ, ಚರ್ಮ ಸರಿ ಇದ್ರ ತೆಳ್ಳಗ ಹಚ್ಚಿದ್ರ ದೊಡ್ಡ ಅಪಾಯ ಇಲ್ಲ, ಕೆಂಪಗಾತು ಅಂದ್ರ ತೊಳದು ಬಿಟ್ಟುಬಿಡ್ರಿ. ಮೊಲಿ ತೊಟ್ಟಿಗೆ ಹಚ್ಚಿ ಕುಡಿಸೋದು, ಮೂಗಿನಾಗ ಬಿಡೋದು ಖಡಾಖಂಡಿತ ಬ್ಯಾಡ. ಬಜಿ ತುಂಡು ದಾರಕ್ಕ ಪೋಣಿಸಿ ಮುಂಗೈಗೆ ಕಟ್ತಾರಲ್ಲ, ನಿಮ್ಮ ಕೂಸು ಇನ್ನೊಂದು ತಿಂಗಳಿಗೆ ಕೈ ಬಾಯಾಗ ಇಡಾಕ ಶುರು ಮಾಡತೈತಿ, ಚೀಪಿದ್ರ ಬಜಿ ಹೊಟ್ಟಿಗೆ, ಹರದ್ರ ಗಂಟಲಿಗೆ. ಬಿಚ್ಚಿ ಇಡ್ರಿ.

ಮೂರನೇದು ಅಂಗಡಿಯೊಳಗಿನ ರೆಡಿಮೇಡ್ ಗುಟ್ಟಿ ಬಾಟ್ಲಿ, ಇಲ್ಲಾ ಪುಷ್ಯ ನಕ್ಷತ್ರದ ದಿನ ಊರೂರಾಗ ಮಾಡೋ ಸುವರ್ಣಪ್ರಾಶನ (ಬಂಗಾರದ ಭಸ್ಮ ಜೇನು ತುಪ್ಪದಾಗ ನೆಕ್ಕಿಸೋದು) ಕ್ಯಾಂಪು. ಮನ್ಯಾಗ ತೇಯೋದಕ್ಕಿಂತ ಇದು ಸೇಫ್ ಅಂತ ಭಾಳ ಮಂದಿ ಇದಕ್ಕ ಹೊಳ್ಳ್ಯಾರ. ನನ್ನ ಅಭಿಪ್ರಾಯ ಕೇಳಿದ್ರ ವರ್ಷ ತುಂಬದ ಕೂಸಿಗೆ ಜೇನು ಇರೋ ಯಾವುದೂ ಬ್ಯಾಡ, ಜೇನಿನಾಗ ಬಾಟುಲಿಸಂ ತರೋ ಬೀಜಾಣು ಇರಬಹುದು, ನಮಗ ಏನೂ ಮಾಡಂಗಿಲ್ಲ ಆದ್ರ ಕೂಸಿನ ಕರುಳಿನಾಗ ಬೆಳದು ನರ ಸಡಿಲ ಮಾಡತಾವು. ನನ್ನ ಜೋಡಿ ಓದಿದವರ ಇದಕ್ಕ ಸಿಟ್ಟಾಗ್ತಾರ, ಶಾಸ್ತ್ರದಾಗ ಜೇನು ಐತಿ ಅಂತ. ಆಗಲಿ, ನಾ ಬರಿಯಂಗಿಲ್ಲ. ವರ್ಷ ದಾಟಿದ ಮ್ಯಾಲ ಹಾಕಸ್ತೀವಿ ಅಂದ್ರ ಯಾರು ತಯಾರ ಮಾಡಿದ್ದು, ಲೈಸನ್ಸ್ ನಂಬರ್, ಬ್ಯಾಚ್ ನಂಬರ್ ಐತೋ, ಬಜಿ ಎಷ್ಟೈತಿ ಕೇಳ್ರಿ. ಉತ್ತರ ಕೊಡದಿದ್ರ ಎದ್ದು ಬರ್ರಿ.

ಇನ್ನ ಆರು ತಿಂಗಳ ಆದ ಮ್ಯಾಲ ತೇಯಬಹುದೇನ್ರಿ ಅಂತ ನಿಮ್ಮ ಆಯಿ ಕೇಳ್ಯ ಕೇಳ್ತಾಳ. ನಾ ಎರಡು ವರ್ಷದೊಳಗ ಬಜಿ ಬರಿಯಂಗಿಲ್ಲ. ಆಮ್ಯಾಲೂ ಶೋಧನ ಆದದ್ದು, ತೂಕಾ ಮಾಡಿದ್ದು, ಇಷ್ಟ ದಿನ ಅಂತ ಲೆಕ್ಕಾ ಇಟ್ಟು. ಫಿಟ್ಸ್ ಗುಳಿಗಿ ತಗೊಳ್ಳೋ ಮಕ್ಕಳಿಗೆ ಮನ್ಯಾಗ ಬಜಿ ಹಾಕಬಾರದು, ಮಂಪರಿಗೆ ಮಂಪರು ಕೂಡತೈತಿ. ಬಸುರಿದ್ದಾಗ ನೀವೂ ತಗೋಬ್ಯಾಡ್ರಿ. ಆ ಪೇಪರಿನ ಪುಡಿಕ್ಯಾಗಿನ ತುಂಡಿಗೆ ಬಿಳೇ ಬೂಸ್ಟು ಬಂದಿದ್ರ, ವರ್ಷಾನುಗಟ್ಟಲೆ ತೇಯ್ದು ಅರ್ಧಾ ಆಗಿದ್ರ ಅದು ಯಾರಿಗೂ ಬ್ಯಾಡ.

ಮನಿ ಜಗಳದ್ದು. ಆಯಿ ಮುಂದ ವಿಡಿಯೋ ಹಿಡಿಯಬ್ಯಾಡ್ರಿ, ವಿಷ ಅನ್ನಬ್ಯಾಡ್ರಿ. ಮೂರು ತಲಿ ಬೆಳಿಸಿದಾಕಿಗೆ ವಿಷ ಹಾಕಿದಿ ಅಂದ್ರ ಯಾರಿಗೆ ಸಿಟ್ಟು ಬರಂಗಿಲ್ಲ ಹೇಳ್ರಿ. ನಾಳೆ ದವಾಖಾನಿಗೆ ಹೋಗೋವಾಗ ಆಕೀನೂ ಕರ್ಕೊಂಡು ಹೋಗ್ರಿ, ತೂಕದ ಮಶೀನಿನ ಮುಂದ ನಿಲ್ಲಸ್ರಿ. ಈ ವಯಸ್ಸಿನಾಗ ಕೂಸು ದಿನಕ್ಕ 20ರಿಂದ 30 ಗ್ರಾಂ ಏರಬೇಕು, ದಿನಾ ಆರು ಸರ್ತಿಗೆ ಕಮ್ಮಿ ಇಲ್ಲದಂಗ ಉಚ್ಚಿ ಹೊಯ್ಯಬೇಕು. ಎರಡು ವಾರ ಗುಟ್ಟಿ ಬಿಟ್ಟು ಮತ್ತ ತೂಕಾ ಮಾಡಸೂಣು ಆಯಿ, ನೀನ ನೋಡು ಅನ್ರಿ. ಕಾಶ್ಯಪ ಋಷಿನೂ ವಾಂತಿ ಇದ್ದಾಗ ನೆಕ್ಕಿಸಬ್ಯಾಡ ಅಂದಾನಂತ ನಮ್ಮ ಆಯುರ್ವೇದದ ಡಾಕ್ಟರ್ ಬಾಯಿ ಹೇಳ್ಯಾಳ ಅಂತ ನನ್ನ ಹೆಸರು ಹಾಕ್ರಿ, ಪರವಾಗಿಲ್ಲ. ಮತ್ತ ಆಕಿ ಕೈಯಾಗಿನ ಕೆಲಸಾ ಕಸಗೋಬ್ಯಾಡ್ರಿ. ಕೊಬ್ರೆಣ್ಣಿ ಹಚ್ಚಿ ತಿಕ್ಕಿ ಎರಿಯೋದು ಆಕಿನ ಮಾಡ್ಲಿ (ಮೂಗು ಕಿವಿಗೆ ಎಣ್ಣಿ ಬಿಡೋದೊಂದು ಬ್ಯಾಡ, ಆ ಎಣ್ಣಿ ಶ್ವಾಸಕ್ಕ ಇಳದ್ರ ನಿಮೋನಿಯಾ ಆಗತೈತಿ), ಸಂಜಿ ಕೂಸು ಚೀರಾಕ ಹತ್ತಿದ್ರ ಹೆಗಲ ಮ್ಯಾಲ ಹಾಕ್ಕೊಂಡು ಬೆನ್ನು ತಟ್ಟಿ ಜೋಗುಳಾ ಹಾಡ್ಲಿ. ಮಾತಿನ ಔಷಧಿ ಅಂತ ನನ್ನ ಕೇಳಿದ್ರ ಅದ, ಆಯಿಯ ಜೋಗುಳಾ.

ಎರಡು ವಾರದ ಮ್ಯಾಲ ತೂಕ ಎಷ್ಟಾತು, ವಾಂತಿ ನಿಂತೋ ಇಲ್ಲೋ ಬರದು ತಿಳಸ್ರಿ. ಉಳದ ಬಜಿ ಹೊರಗ ಒಗಿಬ್ಯಾಡ್ರಿ, ಕೂಸಿನ ಕೈಗೆ ಸಿಗದಂಗ ಆಯಿ ಟ್ರಂಕಿನಾಗ ಸೀರಿ ನಡುವ ಇಟ್ಟುಬಿಡ್ರಿ, ನುಸಿ ಹತ್ತಂಗಿಲ್ಲ.